ಗುಬ್ಬಿಯ ಅಟ್ಟದಿಂದ ಇಳಿದ ಕಾಫಿ

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಬ್ಬಾನ ಫೋನು ಬರುತ್ತಿತ್ತು. ಆ ಹೊತ್ತಿಗೆ ನಾನು ಯಾರದೋ ಬ್ಲೌಸಿನ ತೋಳು ಕೂರಿಸುತ್ತಲೋ, ತಪ್ಪಿದ ಹೊಲಿಗೆಯನ್ನು ಬಿಚ್ಚುತ್ತಾ ನನ್ನನ್ನೇ ಬೈದುಕೊಳ್ಳುತ್ತಲೋ ಇರುತ್ತಿದ್ದೆ. ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಮದುವೆ ಸೀಸನ್ ಬಂತೆಂದರೆ ಊಟಕ್ಕೆ ಏಳುವುದಕ್ಕೂ ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಈ ಫೋನು.

"ಬಾಮ್ಮ, ಡ್ರಮ್ ಹಾಕ್ಬೇಕು."

"ನಾನ್ ಬಂದು ಏನ್ ಮಾಡ್ಲಿ ಅಬ್ಬಾ? ಹುರಿಯೋರು ನೀವು, ಪುಡಿ ಮಾಡೋರು ನೀವು, ಕಟ್ಟಿಕೊಡೋರು ನೀವು."

"ಬಂದು ಕೂತ್ಕೊ, ಸಾಕು."

ಎರಡೂವರೆ ವರ್ಷ ಹೀಗೇ ನಡೆಯಿತು. ಸುಮ್ಮನೆ ಹೋಗಿ ಕೂರುವುದು. ಅಂಗಡಿಯಲ್ಲಿ ಕಾಫಿ ಹುರಿಯುವ ಡ್ರಮ್ಮಿನ ಪಕ್ಕ ಒಂದು ಸ್ಟೂಲ್ ಹಾಕಿಟ್ಟಿರುತ್ತಿದ್ದರು, ಅದರ ಮೇಲೆಯೇ ಕೂರಬೇಕು. ಗಲ್ಲಾಪೆಟ್ಟಿಗೆಯ ಹತ್ತಿರ ಕೂರುತ್ತೇನೆಂದರೆ ಆಗದು, ಬಾಗಿಲ ಹತ್ತಿರ ಗಾಳಿ ಬರುತ್ತೆ ಎಂದರೆ ಅದೂ ಆಗದು. ವಯಸ್ಸಾದ ಮೇಲೆ ಒಂಟಿತನ ಕಾಡುತ್ತದೆ, ಜೊತೆಗೆ ಯಾರಾದರೂ ಬೇಕೆನಿಸುತ್ತದೆ ಎಂದು ಮೊದಲ ತಿಂಗಳು ನಾನೂ ಕರಗಿದ್ದೆ. ಆದರೆ ನಾನು ಕೂತ ಮೇಲೆ ಅವರು ಒಂದು ಮಾತನ್ನೂ ಆಡುತ್ತಿರಲಿಲ್ಲ. ಡ್ರಮ್ ತಿರುಗುತ್ತಿತ್ತು, ಅವರು ಕಾಳು ಇಳಿಸುವ ಹಿಡಿಯ ಮೇಲೆ ಕೈಯಿಟ್ಟು ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ವಟವಟ ಬೈಯುತ್ತಿದ್ದೆ. ಕಾಳು ಹುರಿದಾಯಿತು ಎಂದಾಕ್ಷಣ "ಸರಿ, ಹೋಗು" ಎನ್ನುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ.

ಬೈಯುವುದು ನನಗೆ ಹುಟ್ಟಿನಿಂದ ಬಂದದ್ದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೂಸಾಗಿದ್ದಾಗ ಮೂರು ಹೊತ್ತೂ ಅಳುತ್ತಿದ್ದೆನಂತೆ. ಸಾಕಾಗಿಹೋದ ಅಮ್ಮಿ ನನ್ನನ್ನು ಎತ್ತಿಕೊಂಡು ಬಂದು ಅಂಗಡಿಯ ಗೋಣಿಚೀಲದ ಮೇಲೆ ಮಲಗಿಸಿ ಹೋಗುತ್ತಿದ್ದರಂತೆ. ಕಾಫಿ ಘಮ್ಮೆಂದಾಗ ಮಾತ್ರ ನಾನು ಬಾಯಿ ಮುಚ್ಚುತ್ತಿದ್ದೆನೆಂದು ಅಮ್ಮಿ ಇರುವ ತನಕ ಎಲ್ಲರ ಮುಂದೂ ಹೇಳಿ ನಗಿಸುತ್ತಿದ್ದರು. ನನಗೆ ಆಗಲೂ ನಗು ಬರುತ್ತಿರಲಿಲ್ಲ.

ಅಂಗಡಿ ತುಮಕೂರಿನ ಹಳೆ ಪೇಟೆಯಲ್ಲಿದೆ. ಮುಂದೆ ಕೌಂಟರ್, ಹಿಂದೆ ಮಸಿ ಹಿಡಿದು ಕಪ್ಪಾದ ಒಂದು ಕೋಣೆ, ಆ ಕೋಣೆಯಲ್ಲಿ ಹುರಿಯುವ ಡ್ರಮ್ಮು. ಮನೆಯಲ್ಲಿ ನಮ್ಮ ಮಾತು ಉರ್ದು. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಮಾತ್ರ ಕನ್ನಡವೇ ಆಡಬೇಕೆಂದು ಅಬ್ಬಾ ಕಾನೂನು ಮಾಡಿದ್ದರು. ಗಿರಾಕಿಗೆ ತಿಳಿಯದ ಮಾತಿನಲ್ಲಿ ಗುಸುಗುಸು ಮಾಡಿದರೆ ಪುಡಿಯಲ್ಲಿ ಏನೋ ಬೆರೆಸುತ್ತಿದ್ದಾರೆ ಅಂದುಕೊಳ್ಳುತ್ತಾರೆ ಎಂಬುದು ಅವರ ವಾದ. ಹಾಗಾಗಿ ಅಪ್ಪ ಮಗಳು ಜಗಳವಾಡಿದ್ದೆಲ್ಲ ಕನ್ನಡದಲ್ಲೇ.

ಇನ್ನೊಂದು ವಿಷಯ ಹೇಳಿದರೆ ಜನ ನಂಬುವುದಿಲ್ಲ. ಎರಡು ತಲೆಮಾರಿನಿಂದ ಕಾಫಿಪುಡಿ ಮಾರಿದ ನಮ್ಮ ಮನೆಯಲ್ಲಿ ಕುಡಿಯುವುದು ಚಹಾ. ನೆಂಟರಿಷ್ಟರೆಲ್ಲ ಚಹಾದವರೇ. ಕುಣಿಗಲ್ಲಿನ ನನ್ನ ಅತ್ತೆಮನೆಯವರಂತೂ ಕಾಫಿ ಕುಡಿದರೆ ಪಿತ್ತ ಎನ್ನುತ್ತಾರೆ. ಆದರೂ ನಾನು ಹೋದಾಗಲೆಲ್ಲ ಪುಡಿ ತಂದೆಯಾ ಎಂದು ಬಾಗಿಲಲ್ಲೇ ಕೇಳುತ್ತಾರೆ. ಅಕ್ಕಪಕ್ಕದವರು ಮನೆಗೆ ಬಂದರೆ ಕಾಫಿ ಕೊಡಬೇಕಲ್ಲ, ಅದಕ್ಕೆ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ಆ ಮಾತು ಇಪ್ಪತ್ತು ವರ್ಷ ಸಾಯುವುದಿಲ್ಲ. "ನಿಮ್ಮ ಮನೇಲಿ ಒಂದು ಲೋಟ ಕಾಫಿಗೂ ಗತಿ ಇರಲಿಲ್ಲವಾ" ಎಂದು ಬೀಗರು ಬೀಗರನ್ನು ಆಡಿಕೊಂಡಿದ್ದನ್ನು ನಮ್ಮ ಕೌಂಟರಿನ ಮುಂದೆಯೇ ನಾನು ಎಷ್ಟು ಸಲ ಕೇಳಿಲ್ಲ.

ಇಷ್ಟೆಲ್ಲ ಗೌರವದ ಈ ಕಾಫಿ ತುಮಕೂರಿನದಲ್ಲ. ನಮ್ಮ ಮಣ್ಣಿನಲ್ಲಿ ತೆಂಗು ಉಂಟು, ಅಡಿಕೆ ಉಂಟು, ರಾಗಿ ಉಂಟು. ಕಾಫಿ ಏನಿದ್ದರೂ ಚಿಕ್ಕಮಗಳೂರಿನ ಬೆಟ್ಟದಿಂದ ಇಳಿದು ನಮ್ಮೂರಿನ ಮೇಲೆ ಹಾದು ಬೆಂಗಳೂರಿಗೆ ಹೋಗುತ್ತಿತ್ತು. ಹಾದುಹೋಗುವ ಮೂಟೆಗಳನ್ನು ಲಾರಿಯಿಂದ ಇಳಿಸಿ ಹತ್ತಿಸುವ ಕೆಲಸ ನಮ್ಮ ತಾತನದು. ಹೊತ್ತು ಹೊತ್ತು ಬೆನ್ನಿಗೆ ಕಾಫಿಯ ವಾಸನೆ ಹತ್ತಿಹೋಗಿತ್ತಂತೆ. ಒಂದು ದಿನ ಹೊರೆ ಕೆಳಗಿಟ್ಟು, ಕಬ್ಬಿಣದ ಬಾಣಲೆಯೊಂದನ್ನು ತಂದು ಬೀದಿಬದಿಯಲ್ಲಿ ಹುರಿದು ಮಾರಲು ಕೂತರಂತೆ. ಆ ಕಾಲದ ಹಳ್ಳಿಗಳಲ್ಲಿ ಕಾಫಿಯೆಂದರೆ ಅನುಮಾನ, ರಕ್ತ ಸುಡುತ್ತದೆಂಬ ಭಯ. ಕುಡಿದರೂ ಬೆಲ್ಲ ಹಾಕಿ ನೀರುನೀರಾಗಿ, ಅದೂ ಹಬ್ಬಕ್ಕೋ ನೆಂಟರು ಬಂದಾಗಲೋ. ಬೆಳೆದವನು ತನ್ನ ಕಾಳನ್ನೆಲ್ಲ ಸರ್ಕಾರದವರಿಗೇ ಒಪ್ಪಿಸಬೇಕಿದ್ದ ಕಾಲವೂ ಒಂದಿತ್ತು. ಸ್ವಂತ ತೋಟದ ಕಾಫಿಯನ್ನು ಇಷ್ಟಬಂದವರಿಗೆ ಮಾರುವ ಹಾಗಿರಲಿಲ್ಲ ಎಂದು ಅಬ್ಬಾ ಈಗಲೂ ಹಲ್ಲು ಕಡಿಯುತ್ತಾರೆ. ಬೆಳೆದವರು ಇವರಲ್ಲ, ಹಲ್ಲು ಕಡಿಯುವವರು ಇವರು.

ಇದಕ್ಕೂ ಹಿಂದಿನ ಕಥೆ ಏಳು ಕಾಳಿನದು. ಹಜ್‌ಗೆ ಹೋದ ಫಕೀರರೊಬ್ಬರು ಅರಬರ ನಾಡಿನಿಂದ ಏಳು ಕಾಫಿಕಾಳನ್ನು ಕದ್ದುಮುಚ್ಚಿ ತಂದು ಚಿಕ್ಕಮಗಳೂರಿನ ಬೆಟ್ಟದ ಮೇಲೆ ನೆಟ್ಟರು, ಆಮೇಲೆ ಬಿಳಿಯರು ಬಂದು ಕಾಡು ಕಡಿದು ತೋಟ ಮಾಡಿದರು. ಈ ಕಥೆಯನ್ನು ಅಬ್ಬಾ ಹೇಳದ ಗಿರಾಕಿಯಿಲ್ಲ. ನನ್ನ ತಲೆ ಕೆಡುತ್ತಿದ್ದುದು ಕಾಳು ಬಚ್ಚಿಟ್ಟ ಜಾಗದ ವಿಷಯಕ್ಕೆ. ಗಡ್ಡದವರು ಬಂದರೆ ಗಡ್ಡದಲ್ಲಿ, ಕೋಲೂರಿಕೊಂಡು ಬಂದವರಿಗೆ ಕೋಲಿನ ಟೊಳ್ಳಿನಲ್ಲಿ, ಪಂಚೆಯವರಿಗೆ ಸೊಂಟದ ಗಂಟಿನಲ್ಲಿ. "ಒಂದು ಕಡೆ ಇಡಿ ಅಬ್ಬಾ ಆ ಕಾಳನ್ನ" ಎಂದು ನಾನು ರೇಗಿದರೆ, "ಏಳು ಅಂದಿದೀನಲ್ಲ, ಎಂಟು ಅಂದ್ನಾ?" ಎನ್ನುತ್ತಿದ್ದರು.

ಅವರ ಕಸುಬಿನ ಬಗ್ಗೆ ಮಾತ್ರ ನಾನು ಬಾಯಿ ಬಿಡುವ ಹಾಗಿರಲಿಲ್ಲ. ವಸಂತನರಸಾಪುರದ ಕಾರ್ಖಾನೆ ಕ್ಯಾಂಟೀನಿಗೆ ಹೋಗುವ ಪುಡಿಗೆ ಚಿಕೋರಿ ಎಷ್ಟು, ಯಾವ ಬೀದಿಯ ಯಾವ ಅಜ್ಜಿಗೆ ಚಿಕೋರಿಯ ಸೋಂಕೂ ಆಗದು, ಯಾರ ಮನೆಯವರಿಗೆ ಒಂದು ಸುತ್ತು ಹೆಚ್ಚು ಹುರಿದಿರಬೇಕು, ಎಲ್ಲವೂ ಬಾಯಿಪಾಠ. ಹದ ನೋಡುತ್ತಿದ್ದುದು ಮೂಗಿನಲ್ಲಿ. ಆ ಕೋಣೆಯ ಕತ್ತಲಲ್ಲಿ ಬಣ್ಣ ಗೊತ್ತಾಗುವುದಿಲ್ಲ, ಮೋಟರಿನ ಗದ್ದಲದಲ್ಲಿ ಕಾಳು ಸಿಡಿಯುವ ಸದ್ದೂ ಕೇಳುವುದಿಲ್ಲ. ಕಾಫಿಕಾಳು ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ ಎಂದು ಅಂಗಡಿಯೊಳಕ್ಕೆ ಊದುಬತ್ತಿ ಬಿಡುತ್ತಿರಲಿಲ್ಲ, ಸೋಪು ಬಿಡುತ್ತಿರಲಿಲ್ಲ. ಈದ್ ದಿನ ಕೂಡ ಅಂಗಡಿಗೆ ಹೋಗುವುದಿದ್ದರೆ ಅತ್ತರು ಹಚ್ಚುತ್ತಿರಲಿಲ್ಲ. ಸೀಮೆಎಣ್ಣೆಯ ಎಳೆ ವಾಸನೆ ಬಂತೆಂದು ಮೂಟೆಗೆ ಮೂಟೆಯನ್ನೇ ವ್ಯಾಪಾರಿಯ ಮುಖದೆದುರು ವಾಪಸು ಹತ್ತಿಸಿ ಕಳಿಸಿದ ಮನುಷ್ಯ. "ಈ ಮೂಗು ಹೋದ ದಿನ ಶಟರ್ ಎಳೀತೀನಿ, ಅಲ್ಲಿವರೆಗೂ ಯಾರೂ ಏನೂ ಹೇಳ್ಬೇಡಿ" ಎಂದು ನಾವು ಚಿಕ್ಕವರಿದ್ದಾಗಲೇ ಘೋಷಿಸಿಬಿಟ್ಟಿದ್ದರು.

ಶಟರ್ ಎಳೆಯಿರಿ ಎಂದು ಗಂಟುಬಿದ್ದವಳು ನಾನೇ. ಕೊರೋನಾ ಬಂದು ಹೋದ ಮೇಲೆ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. "ಸಾಕು ಅಬ್ಬಾ. ಜನ ಪ್ಯಾಕೆಟ್ ಪುಡಿ ತಗೋತಾರೆ, ಮೊಬೈಲಲ್ಲಿ ತರಿಸ್ಕೋತಾರೆ. ಯಾರಿಗೋಸ್ಕರ ಈ ಹೊಗೆ ಕುಡೀತೀರ?" ಎಂದು ದಿನಾ ಹೇಳುತ್ತಿದ್ದೆ. ಅವರು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಅವರಲ್ಲಿ ಕೆಲವು ಬದಲಾವಣೆಗಳಾದವು. ನಲವತ್ತು ವರ್ಷ ಗಿರಾಕಿಗಳಿಗೆ ಹೀಗೆ ಕುಡಿಯಿರಿ, ಹಾಗೆ ಕುಡಿಯಿರಿ ಎಂದು ಅಪ್ಪಣೆ ಕೊಟ್ಟವರು ಇದ್ದಕ್ಕಿದ್ದಂತೆ ಎಲ್ಲರ ಅಂಗೈಗೂ ಚಿಟಿಕೆ ಪುಡಿ ಹಾಕಿ "ನೋಡಿ, ಹೆಂಗಿದೆ ಘಮ?" ಎಂದು ಕೇಳತೊಡಗಿದರು. ಸಾಹೇಬರು ಎಷ್ಟು ಮೆತ್ತಗಾಗಿದ್ದಾರೆ ಎಂದು ಜನ ಮೆಚ್ಚಿಕೊಂಡರು. ಕಳೆದ ಈದ್‌ಗೆ ಯಾರೋ ಕೊಟ್ಟ ಅತ್ತರನ್ನು ಧಾರಾಳವಾಗಿ ಬಳಿದುಕೊಂಡು ನೇರ ಅಂಗಡಿಗೆ ಬಂದರು. ನಾನು ಕೂಗಾಡಿದೆ. "ಹಬ್ಬ ಅಲ್ವಾ" ಎಂದರು. ಇನ್ನೊಂದು ದಿನ ಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗುವ ತನಕ ಪಕ್ಕದ ಕೋಣೆಯಲ್ಲೇ ಕೂತು ಪೇಪರ್ ಓದುತ್ತಿದ್ದರು. ನನಗೆ ತಲೆ ಚಿಟ್ಟುಹಿಡಿದು ಅರ್ಧ ಗಂಟೆ ಬೈದೆ. ಬೈಯುವ ಭರದಲ್ಲಿ ಯೋಚನೆ ಮಾಡಲು ಸಮಯ ಎಲ್ಲಿತ್ತು?

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಗುಬ್ಬಿಯಿಂದ ಮೇಷ್ಟ್ರು ಬಂದರು. ರಿಟೈರಾದ ಪ್ರೈಮರಿ ಶಾಲೆ ಮೇಷ್ಟ್ರು, ನಮ್ಮ ಅಂಗಡಿಗೆ ನನಗಿಂತ ಹಳಬರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಪುಡಿ ಕಟ್ಟಿಸಿಕೊಂಡು, ಅಬ್ಬಾನ ಜೊತೆ ಒಂದು ಗಂಟೆ ಹರಟಿ ಹೋಗುವವರು. ಈ ಸಲ ಅವರೇ ಒಂದು ಚೀಲ ಹೊತ್ತು ತಂದಿದ್ದರು. ಕೌಂಟರಿನ ಮೇಲೆ ಅದನ್ನಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡರು.

"ಸಾಹೇಬ್ರೆ, ಇದು ಯಾವ ಊರ ಕಾಫಿ ಹೇಳಿ."

"ನೀವೇ ಹೇಳ್ಬುಡಿ ಮೇಷ್ಟ್ರೆ."

"ಗುಬ್ಬೀದು. ನಮ್ಮ ತೋಟದ್ದು."

ನಾಲ್ಕು ವರ್ಷದ ಹಿಂದೆ ಅಡಿಕೆ ತೆಂಗಿನ ಸಾಲುಗಳ ನಡುವೆ ಅವರು ರೋಬಸ್ಟಾ ಸಸಿ ನೆಟ್ಟಿದ್ದರು. ಬಯಲುಸೀಮೆಯಲ್ಲಿ ಕಾಫಿ ಬೆಳೆಯುವ ಬುದ್ಧಿವಂತ ಎಂದು ಊರವರೆಲ್ಲ ನಕ್ಕಿದ್ದರಂತೆ. ಈಗ ಮೊದಲ ಫಸಲು ಬಂದಿತ್ತು. ಹಣ್ಣು ಬಿಡಿಸಿ, ಅಂಗಳದಲ್ಲಿ ಒಣಗಿಸಿ, ಸಿಪ್ಪೆ ತೆಗೆಸಿ, ಅಬ್ಬಾನ ಕೈಯಲ್ಲೇ ಹುರಿಸಬೇಕೆಂದು ಕಾದಿಟ್ಟಿದ್ದರು.

"ಬರೋ ಭಾನುವಾರ ಎಲ್ಲಾರ್ನೂ ಮನೆಗೆ ಕರ್ದಿದೀನಿ. ನಕ್ಕೋರ್ನೇ ಮೊದ್ಲು ಕರ್ದಿರೋದು. ಕುಡ್ಕೊಂಡು ಹೋಗ್ಲಿ."

ಅಬ್ಬಾ ಚೀಲದ ಬಾಯಿ ಬಿಚ್ಚಿ, ಒಂದು ಮುಷ್ಟಿ ಕಾಳು ತೆಗೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದರು. ಎಲ್ಲ ಎಂದಿನ ಗತ್ತಿನಲ್ಲೇ.

"ಫಸ್ಟ್ ಕ್ಲಾಸ್ ಮೇಷ್ಟ್ರೆ."

ನಾನು ಎರಡು ಮಾರು ದೂರದ ಸ್ಟೂಲಿನ ಮೇಲಿದ್ದೆ. ಅಲ್ಲಿಗೇ ಏನೋ ಕಮಟು ಹೊಡೆದಂತಾಯಿತು. ಚೀಲದ್ದಿರಬೇಕು, ಬಸ್ಸಿನಲ್ಲಿ ಯಾರ ಎಣ್ಣೆ ಡಬ್ಬಕ್ಕೋ ತಾಗಿರಬೇಕು ಅಂದುಕೊಂಡೆ. ಅಬ್ಬಾ ಡ್ರಮ್ಮಿಗೆ ಕಾಳು ಸುರಿದು ಉರಿ ಏರಿಸಿದರು. ಮೋಟರು ಗರಗರ ಎಂದಿತು. ನಾನು ಎಂದಿನಂತೆ ಶುರುಮಾಡಿದೆ. ಆವತ್ತಿನ ವಿಷಯ ಲೈನಿಂಗ್ ಬಟ್ಟೆಯದು. ನೀರಿಗೆ ಹಾಕಿದರೆ ಗೇಣುದ್ದ ಕುಗ್ಗುವ ಬಟ್ಟೆಯನ್ನು ಕುಗ್ಗುವುದೇ ಇಲ್ಲ ಎಂದು ಆಣೆ ಮಾಡಿ ಮಾರಿದವನ ಜನ್ಮ ಜಾಲಾಡುತ್ತಿದ್ದೆ.

ಡ್ರಮ್ ಕಾದಂತೆ ಆ ಕಮಟು ಬಲಿಯಿತು. ಇದು ಚೀಲದ್ದಲ್ಲ, ಕಾಳಿನದೇ. ಮುಗ್ಗಿದ ಕೊಬ್ಬರಿ, ಅದರ ಮೇಲೆ ತೆಂಗಿನ ಸಿಪ್ಪೆಯ ಹೊಗೆ. ಥಟ್ಟನೆ ಹೊಳೆಯಿತು. ಆ ಕಡೆಯ ಮನೆಗಳಲ್ಲಿ ಅಟ್ಟದ ತುಂಬ ತೆಂಗಿನಕಾಯಿ ಪೇರಿಸಿ, ತಿಂಗಳುಗಟ್ಟಲೆ ಬಿಟ್ಟು ಉಂಡೆಕೊಬ್ಬರಿ ಮಾಡುತ್ತಾರೆ, ತೇವದ ದಿನಗಳಲ್ಲಿ ಕೆಳಗೆ ಸಿಪ್ಪೆಯ ಹೊಗೆ ಹಾಕುತ್ತಾರೆ. ಜೋಪಾನ ಮಾಡಬೇಕಾದ್ದು ಏನಿದ್ದರೂ ಅಟ್ಟಕ್ಕೆ ಏರಿಸುವುದು ಅವರ ಕೈಗೆ ಕೂತ ಅಭ್ಯಾಸ. ಮೇಷ್ಟ್ರು ಕಾಫಿಯನ್ನೂ ಅಲ್ಲೇ ಇಟ್ಟಿದ್ದಾರೆ. ಕಾಳು ಅಷ್ಟನ್ನೂ ಹೀರಿಕೊಂಡು ಕೂತಿದೆ. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬದುಕಿದ ಮನುಷ್ಯನಿಗೆ ಅದು ವಾಸನೆಯೆಂದೇ ಗೊತ್ತಾಗಿಲ್ಲ.

ಮೇಷ್ಟ್ರಿಗೆ ಗೊತ್ತಾಗಲಿಲ್ಲ, ಸರಿ. ಅಬ್ಬಾ?

ಅಬ್ಬಾ ಆ ವಾಸನೆಯ ನಡುಮಧ್ಯೆ ನಗುನಗುತ್ತಾ ನಿಂತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದವರು ಕೂಡ ಮೂಗು ಮುಚ್ಚಿಕೊಂಡು ಒಳಗೆ ಇಣುಕಿದರು. ದಾಕ್ಷಿಣ್ಯಕ್ಕೆ ಸುಮ್ಮನಿದ್ದಾರೆಯೇ ಎಂದರೆ, ಕಾಫಿಯ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯವೆಂಬುದಿಲ್ಲ. ಈದ್‌ನ ಅತ್ತರು ನೆನಪಾಯಿತು. ಸೀದ ಹಾಲು ನೆನಪಾಯಿತು. ಹೆಂಗಿದೆ ಘಮ, ಹೆಂಗಿದೆ ಘಮ ಎಂದು ಕಂಡಕಂಡವರನ್ನು ಕೇಳುತ್ತಿದ್ದುದು ನೆನಪಾಯಿತು. ಈ ಮನುಷ್ಯನಿಗೆ ಮೂಗೇ ಇಲ್ಲ. ಕೊರೋನಾ ಜ್ವರ ಅದನ್ನು ತೆಗೆದುಕೊಂಡು ಹೋಗಿ ಎರಡೂವರೆ ವರ್ಷವಾಗಿದೆ. ನನ್ನ ಬೈಗುಳ ಅರ್ಧ ಮಾತಿನಲ್ಲೇ ನಿಂತುಹೋಯಿತು.

ನಾನು ಬಾಯಿ ಮುಚ್ಚಿದ್ದೇ ತಡ, ಅಬ್ಬಾ ಹಿಡಿ ಎಳೆದರು. ಕಾಳು ಜಾಲರಿ ತಟ್ಟೆಗೆ ಸುರಿಯಿತು. ಇನ್ನೂ ಹಸಿಹಸಿ, ಕಡಲೆಬೀಜದ ಬಣ್ಣ.

"ಇಷ್ಟು ಬೇಗ ಆಯ್ತಾ ಸಾಹೇಬ್ರೆ?"

"ಎಳೇ ಗಿಡದ ಕಾಳು ಮೇಷ್ಟ್ರೆ, ಬೇಗ ಹದಕ್ಕೆ ಬರ್ತದೆ."

ಪುಡಿಯಾಯಿತು. ಅಂಗಡಿಯ ಫಿಲ್ಟರಿಗೆ ಹಾಕಿ, ಹಾಲು ಕಾಯಿಸಿ ಮೂರು ಲೋಟ ಬೆರೆಸಿದೆ. ಬಣ್ಣವಿಲ್ಲ, ಬಿಗಿಯಿಲ್ಲ, ಹುಳಿಹುಳಿ. ಮೇಲಿಂದ ಕೊಬ್ಬರಿ. ಬಾಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಮೇಷ್ಟ್ರು ಮಾತ್ರ ಒಂದು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡರು.

"ನಮ್ಮನೇದೇ ಅನ್ನಿಸ್ತದೆ ಕಣಮ್ಮ. ಎಲ್ಲೋ ಕುಡ್ದಿರೋ ಹಂಗಿದೆ."

ಕುಡಿದಿರುತ್ತಾರೆ, ಕುಡಿಯದೆ ಏನು. ಅವರ ಮನೆಯ ಗಾಳಿಯೇ ಅದು.

"ನೀನ್ ಹೇಳಮ್ಮ, ಹೆಂಗಿದೆ?" ಎಂದು ಅಬ್ಬಾ ಕೇಳಿದರು. ಅವರ ಕೈ ಮತ್ತೆ ಹಿಡಿಯ ಮೇಲೆ ಹೋಗಿತ್ತು. ಎರಡೂವರೆ ವರ್ಷದಿಂದ ನಾನು ಬೇಡಿದ್ದು ಒಂದೇ ಒಂದು, ಆ ಶಟರ್ ಎಳೆಯುವುದು. ಈಗ ನಿಮಗೆ ವಾಸನೆ ಗೊತ್ತಾಗುತ್ತಿಲ್ಲ ಎಂದು ಒಂದು ಮಾತು ಆಡಿದ್ದರೆ ಅವರ ಬಾಯಿಂದಲೇ ಬಂದ ಶಪಥ ಅವರನ್ನು ಮನೆಗೆ ಕಳಿಸುತ್ತಿತ್ತು. ಹಾಳಾದ್ದು, ಆ ಮಾತೇ ಬಾಯಿಗೆ ಬರಲಿಲ್ಲ.

"ಚೆನ್ನಾಗಿದೆ" ಎಂದೆ.

ಮೇಷ್ಟ್ರು ಪುಡಿಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಅಬ್ಬಾ ನನ್ನನ್ನೇ ನೋಡುತ್ತಿದ್ದವರು "ಒಂದ್ನಿಮಿಷ ಮೇಷ್ಟ್ರೆ" ಎಂದು ಆ ಪೊಟ್ಟಣವನ್ನು ಅವರ ಚೀಲದಿಂದ ವಾಪಸು ತೆಗೆದುಕೊಂಡು ಕೌಂಟರಿನ ಮೇಲಿಟ್ಟರು.

"ಹುಟ್ಟಿದಾಗಿಂದ ಯಾವುದನ್ನೂ ಚೆನ್ನಾಗಿದೆ ಅಂದವಳಲ್ಲ ನೀನು. ನಿಜ ಹೇಳು, ಏನ್ ವಾಸನೆ?"

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. "ಕೊಬ್ಬರಿ. ಮುಗ್ಗಿರೋ ಕೊಬ್ಬರಿ, ಜೊತೇಲಿ ಸಿಪ್ಪೆ ಹೊಗೆ. ಮೇಷ್ಟ್ರೆ, ಇದನ್ನ ಅಟ್ಟದ ಮೇಲಿಟ್ಟಿದ್ರಾ?"

"ಹೂಂ, ಮತ್ತೆಲ್ಲಿಡೋದು? ಇಲಿ ಕಾಟ." ಮೇಷ್ಟ್ರು ಪೊಟ್ಟಣವನ್ನು ಮೂಸಿದರು, ತಮ್ಮ ಅಂಗಿಯ ತೋಳನ್ನೂ ಮೂಸಿಕೊಂಡರು. "ನಂಗೇನೂ ಬರ್ತಿಲ್ಲವಲ್ಲಮ್ಮ."

"ನಂಗೂ ಬರ್ತಿಲ್ಲ ಮೇಷ್ಟ್ರೆ" ಎಂದರು ಅಬ್ಬಾ. "ನಂಗೆ ಯಾವ ವಾಸನೇನೂ ಬರ್ತಿಲ್ಲ. ಕೊರೋನಾ ಬಂದು ಹೋದ್ಮೇಲೆ ಅದು ತಿರುಗಿ ಬರಲೇ ಇಲ್ಲ."

ಮೇಷ್ಟ್ರು ಎದ್ದವರು ಮತ್ತೆ ಕೂತರು.

"ಸುಮ್ನಿರಿ ಸಾಹೇಬ್ರೆ. ತಿಂಗಳು ತಿಂಗಳು ತಗೊಂಡ್ ಹೋಗ್ತಿದೀನಿ ನಾನು. ಒಂದ್ ದಿನಾನಾದ್ರೂ ಹದ ತಪ್ಪಿದ್ಯಾ? ಮೂಗಿಲ್ದೆ ಹೆಂಗ್ ಹುರಿದ್ರಿ?"

ಅಬ್ಬಾ ಗಲ್ಲ ಎತ್ತಿ ನನ್ನ ಕಡೆ ತೋರಿಸಿದರು.

"ಇವಳನ್ನ ಕೂರಿಸ್ಕೊಂಡು. ಕೂಸಾಗಿದ್ದಾಗ್ಲೂ ಹಂಗೇ, ಈಗ್ಲೂ ಹಂಗೇ. ಹದ ಬಂತು ಅಂದ್ರೆ ಇವಳ ಬಾಯಿ ಒಂದು ಗಳಿಗೆ ನಿಲ್ತದೆ. ಇವಳಿಗೇ ಗೊತ್ತಾಗಲ್ಲ. ನಿಂತ ತಕ್ಷಣ ನಾನು ಹಿಡಿ ಎಳೀತೀನಿ. ಇವತ್ತೂ ನಿಂತ್ಲು, ಎಳ್ದೆ. ಯಾಕೆ ನಿಂತ್ಲೋ ಅದು ಈಗ ಗೊತ್ತಾಯ್ತು."

ನನಗೆ ಏನನ್ನಿಸಿತೆಂದು ಈಗಲೂ ಸರಿಯಾಗಿ ಹೇಳಲಾರೆ. ನಾಚಿಕೆಯಾಯಿತು, ದುಃಖವಾಯಿತು, ಇಷ್ಟು ದಿನ ನನ್ನನ್ನು ಥರ್ಮಾಮೀಟರಿನಂತೆ ಉಪಯೋಗಿಸಿಕೊಂಡರಲ್ಲ ಎಂದು ಕೆಂಡದಂಥ ಕೋಪವೂ ಬಂತು. ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿರಲಿಲ್ಲವೇ, ಈಗ ಎಳೆಯಿರಿ ಅಬ್ಬಾ, ಎಂದು? ಕೇಳುವುದು ಹೇಗೆ. ಕೇಳಿದರೆ ಮೂಗು ಹೋಗಿದೆಯೆಂದು ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ಶಟರ್ ಎಳೆಯಬೇಕು.

ಅಬ್ಬಾ ಮೋಟರಿನ ಸ್ವಿಚ್ ಆರಿಸಿದರು. ಗೋಡೆಯ ಮೊಳೆಯಲ್ಲಿದ್ದ ಬೀಗದಕೈ ತೆಗೆದು ನನ್ನ ಕೈಗಿಟ್ಟರು. "ತಗೋ. ನಾನೇ ಆಡಿದ ಮಾತು. ಅವತ್ತೇ ಮುಚ್ಚಬೇಕಿತ್ತು, ಮನಸ್ಸು ಬರಲಿಲ್ಲ."

ಎರಡೂವರೆ ವರ್ಷ ಕೇಳಿದ್ದು ಕೈಗೆ ಬಂದಿತ್ತು. ಅದನ್ನು ಹಿಡಿದುಕೊಂಡು ನಾನು ಪೆದ್ದಿಯಂತೆ ನಿಂತೆ.

ಮಾತು ತೆಗೆದವರು ಮೇಷ್ಟ್ರು. ಅವರಿಗೆ ನಮ್ಮ ಮನೆಯ ಸಂಕಟಕ್ಕಿಂತ ತಮ್ಮ ಭಾನುವಾರ ಮುಖ್ಯವಾಗಿತ್ತು.

"ಅದೆಲ್ಲ ಆಮೇಲೆ ಮುಚ್ಕೊಳ್ಳಿ ಸಾಹೇಬ್ರೆ. ನಂಗೆ ಭಾನುವಾರಕ್ಕೆ ಪುಡಿ ಬೇಕು. ಕಡೇ ಕುಯ್ಲಿನ ಕಾಳು ಸ್ವಲ್ಪ ತೋಟದ ಶೆಡ್ಡಲ್ಲೇ ಬಿದ್ದಿದೆ, ಸಿಪ್ಪೆ ಸಮೇತ. ಅಟ್ಟ ಹತ್ಸೋಕೆ ಬೇಜಾರಾಗಿ ಅಲ್ಲೇ ಬಿಟ್ಟಿದ್ದೆ. ಶನಿವಾರ ಸಿಪ್ಪೆ ತೆಗೆಸ್ಕೊಂಡು ತರ್ತೀನಿ. ನೀವು ಹುರೀರಿ, ಈ ಯಮ್ಮ ಬಯ್ಯಲಿ."

ನಾನು ಬೀಗದಕೈಯನ್ನು ಮೊಳೆಗೆ ನೇತುಹಾಕಿದೆ. "ಶನಿವಾರದ ತನಕ ಅಲ್ಲೇ ಇರ್ಲಿ" ಎಂದೆ. ನಡುವಿನ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬರಲಿಲ್ಲ. ಬರದೆ ಇದ್ದುದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂದು ಎರಡು ಬ್ಲೌಸಿನ ಕತ್ತು ಕೆಡಿಸಿದೆ.

ಶನಿವಾರ ಮೇಷ್ಟ್ರು ಹೇಳಿದ ಹೊತ್ತಿಗೆ ಬಂದರು. ಈ ಸಲ ತಂದಿದ್ದು ಮೂರೋ ನಾಲ್ಕೋ ಸೇರು, ಅಷ್ಟೇ. ಕೆಟ್ಟರೆ ಅವರ ಹತ್ತಿರ ಇನ್ನೊಂದು ಕಾಳಿರಲಿಲ್ಲ. ನಾನು ಮೂಸಿ ನೋಡಿದೆ. ಹಸಿ ಕಾಳಿನ ವಾಸನೆ, ಒಣಹುಲ್ಲಿನಂಥದ್ದು, ಬೇರೇನಿಲ್ಲ. ಅಬ್ಬಾ ಬೆಂಕಿ ಹಾಕಿ, ಕಾಳು ಸುರಿದು, ಹಿಡಿಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ನಾನೇ ಹೇಳ್ತೀನಿ ಬಿಡಿ ಅಬ್ಬಾ, ಯಾವಾಗ ಎಳೀಬೇಕು ಅಂತ."

"ನಿಂಗೆ ಹೇಳಕ್ಕೆ ಬರಲ್ಲ. ಯೋಚನೆ ಮಾಡ್ತಾ ಕೂತ್ರೆ ಹದ ದಾಟಿಹೋಗಿರ್ತದೆ. ಬಯ್ಯಿ ನೀನು."

ಬಯ್ಯಿ ಎಂದರೆ ಬೈಗುಳ ಬರುತ್ತದೆಯೇ? ಲೈನಿಂಗ್ ಬಟ್ಟೆಯವನನ್ನು ನೆನೆಸಿಕೊಂಡೆ, ಪಾಪ, ಅವನೂ ಹೊಟ್ಟೆಪಾಡಿಗೆ ಮಾರುತ್ತಾನೆ ಅನ್ನಿಸಿತು. ಕುಣಿಗಲ್ಲಿನವರನ್ನು ನೆನೆಸಿಕೊಂಡೆ, ಅವರೂ ಒಳ್ಳೆಯವರಾಗಿಬಿಟ್ಟಿದ್ದರು. ಎರಡೂವರೆ ವರ್ಷ ಬಿಟ್ಟೂಬಿಡದೆ ಬೈದ ಬಾಯಿ ಅವತ್ತು ಒಣಗಿ ಕೂತಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು ಟವೆಲ್ ಹಿಂಡುತ್ತಿದ್ದರು. ಡ್ರಮ್ ತಿರುಗುತ್ತಲೇ ಇತ್ತು. ಒಳಗೆ ಕಾಳು ಬಣ್ಣ ಹಿಡಿಯುತ್ತಿರಬೇಕು. ನನ್ನ ಮೂಗಿಗೆ ಬೆವರು, ಹೊಗೆ, ಭಯ ಬಿಟ್ಟರೆ ಇನ್ನೇನೂ ತಾಗುತ್ತಿರಲಿಲ್ಲ.

ಅಬ್ಬಾ ನನ್ನ ಮುಖ ನೋಡಿದರು, ಆಮೇಲೆ ಮೇಷ್ಟ್ರ ಕಡೆ ತಿರುಗಿ ನಿಧಾನವಾಗಿ ಶುರುಮಾಡಿದರು.

"ಮೇಷ್ಟ್ರೆ, ಆ ಫಕೀರರು ಏಳು ಕಾಳು ತಂದ್ರಲ್ಲ. ಎಲ್ಲಿ ಬಚ್ಚಿಟ್ಕೊಂಡ್ ತಂದ್ರು ಗೊತ್ತಾ? ಜುಬ್ಬಾ ಜೇಬಲ್ಲಿ."

"ಜೇಬಲ್ಲಾ?" ನನಗೆ ತಡೆಯಲಾಗಲಿಲ್ಲ. "ಕಾಯೋರು ಮೊದ್ಲು ನೋಡೋದೇ ಜೇಬು. ಜೇಬಲ್ಲಿಟ್ರೆ ಅದು ಬಚ್ಚಿಡೋದು ಹೆಂಗಾಯ್ತು ಅಬ್ಬಾ? ಹೋದ ತಿಂಗಳು ಗಡ್ಡ ಅಂದ್ರಿ, ಅದರ ಹಿಂದೆ ಕೋಲು ಅಂದ್ರಿ, ಪೋಸ್ಟಾಫೀಸಿನವರಿಗೆ ಟೋಪಿ ಅಂದಿದೀರಿ, ನಾನೇ ಕೇಳಿದೀನಿ. ಬಾಯಿಗೆ ಬಂದಂಗೆ ಹೇಳ್ಕೊಂಡು ಹೋದ್ರೆ ನಾಳೆ ಜನ ಕಾಳೇ ಇರಲಿಲ್ಲ ಅಂತಾರೆ. ಒಂದು ಜಾಗ, ಒಂದೇ ಒಂದು ಜಾಗ ನೆನಪಿಟ್ಕೊಳ್ಳೋಕೆ ಏನ್ರೀ ಕಷ್ಟ ನಿಮಗೆ? ಇಡೀ ಊರಿನವರ ಚಿಕೋರಿ ನೆನಪಿರ್ತದೆ, ಇದೊಂದು ನೆನಪಿರಲ್ಲ. ನನ್ನ ಪ್ರಾಣ ತಿನ್ನೋಕೆ ಅಂತಾನೇ..."

ಮುಂದೆ ಏನು ಹೇಳಬೇಕೆಂದಿದ್ದೆನೋ ನೆನಪಿಲ್ಲ. ಎಲ್ಲಿ ನಿಲ್ಲಿಸಿದೆನೋ ಅದೂ ಗೊತ್ತಾಗಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅಬ್ಬಾ ಹಿಡಿ ಎಳೆದಾಗಿತ್ತು, ತಟ್ಟೆಯ ತುಂಬ ಗುಬ್ಬಿಯ ಕಾಫಿ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು, ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಉಸಿರೆಳೆಯುತ್ತಿದ್ದರು. ಅಬ್ಬಾ ತಟ್ಟೆಯ ಕಡೆ ನೋಡಲೇ ಇಲ್ಲ.

"ಬಂತಾ?" ಎಂದು ನನ್ನನ್ನು ಕೇಳಿದರು.

"ಬಂತು" ಎಂದೆ.

"ಸರಿ, ಹೋಗು. ಸೋಮವಾರ ಒಂಬತ್ತಕ್ಕೆ ಬಾ."